ಗಲ್ಫಿನಿಂದ ಬಂದವ ಬಸ್ಸಿನಲ್ಲಿ ಮನೆಗೆ ಹೋದದ್ದು

ನಮ್ಮ ಕಡೆ ಏರ್‌ಪೋರ್ಟಿಗೆ ಬಸ್ಸಿನಲ್ಲಿ ಹೋಗುವುದು ಅಂತ ಒಂದು ಕ್ರಮವೇ ಇಲ್ಲ. ಕಾರು ಮಾಡುವುದು. ಮೊದಲೆಲ್ಲ ಜೀಪು ಮಾಡುತ್ತಿದ್ದರು. ಹೋಗುವವ ಒಬ್ಬ, ಬಿಡಲಿಕ್ಕೆ ಎಂಟು ಜನ, ಅದರಲ್ಲಿ ಎರಡು ಮಕ್ಕಳಿಗೆ ಗಡಿಯ ತಲಪಾಡಿ ದಾಟುವ ಮೊದಲೇ ವಾಂತಿ. ಕರೆದುಕೊಂಡು ಬರುವಾಗಲೂ ಅಷ್ಟೇ ಜನ. ಹಾಗಿರುವಾಗ ಗಲ್ಫಿನಿಂದ ಬಂದ ಮನುಷ್ಯ ಕುಂಬಳೆ ಪೇಟೆಯಲ್ಲಿ ಬಸ್ಸಿನಿಂದ ಇಳಿದು, ಬ್ಯಾಗ್ ಎಳೆದುಕೊಂಡು ಬದಿಯಡ್ಕ ಬಸ್ಸಿಗೆ ಓಡಿದರೆ ನೋಡಿದವರು ಎಂತ ಅಂದುಕೊಳ್ಳುತ್ತಾರೆ ಹೇಳಿ. ಕೆಲಸ ಹೋಗಿರಬೇಕು ಅಂತಲೇ.

ನಾನು ನೀರ್ಚಾಲು ಹತ್ತಿರದವನು. ಕೇರಳದ ಕಾಸರಗೋಡು ಜಿಲ್ಲೆ, ಕುಂಬಳೆಯಿಂದ ಸೀತಾಂಗೋಳಿ ಮೇಲೆ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ. ಶಾರ್ಜಾದಲ್ಲಿ ಒಂದು ಗೋಡೌನಿನಲ್ಲಿ ಸ್ಟೋರ್‌ಕೀಪರ್ ಕೆಲಸ. ಕೆಲಸ ಹೋಗಿಲ್ಲ, ಈಗಲೂ ಉಂಟು. ಆದರೂ ರಜೆಗೆ ಬರುವಾಗ ಮಂಗಳೂರು ಏರ್‌ಪೋರ್ಟಿನಿಂದ ಮನೆಗೆ ಬಸ್ಸಿನಲ್ಲೇ ಹೋಗುತ್ತೇನೆ. ಏಳು ಸಲ ಆಯಿತು. ಈ ದಾರಿಯಲ್ಲಿ ಕಷ್ಟ ಅಂತ ಇರುವುದು ಎರಡೇ. ಒಂದು, ಟರ್ಮಿನಲ್ ಬಾಗಿಲಿನಿಂದ ಕೆಂಜಾರಿನ ಮೇನ್ ರೋಡಿನವರೆಗಿನ ದೂರ. ಇನ್ನೊಂದು, ನಾಚಿಕೆ. ಉಳಿದದ್ದನ್ನು ಬಸ್ಸೇ ನೋಡಿಕೊಳ್ಳುತ್ತದೆ.

ಮೊದಲನೆಯ ಸಲ ನಾನಾಗಿ ಬಸ್ಸು ಹತ್ತಿದ್ದಲ್ಲ. 2014ರ ಮಾತು. ಬೆಳಗ್ಗಿನ ವಿಮಾನ. ಭಾವ ಕಾರು ತರುತ್ತೇನೆ ಅಂದಿದ್ದರು. ನಾನು ಬೆಲ್ಟಿನ ಹತ್ತಿರ ಪೆಟ್ಟಿಗೆ ಕಾಯುತ್ತಾ ನಿಂತಿದ್ದಾಗ ಫೋನು ಬಂತು. ಉಪ್ಪಳದಲ್ಲಿ ಕಾರು ಬಿಸಿಯಾಗಿ ನಿಂತಿದೆ, ಬಾನೆಟ್ ಎತ್ತಿ ಇಟ್ಟಿದ್ದೇನೆ, ಮೆಕ್ಯಾನಿಕ್ ಇನ್ನೂ ಅಂಗಡಿ ತೆರೆದಿಲ್ಲ, ಒಂದೆರಡು ಗಂಟೆ ಕೂತುಕೋ ಅಂದರು. ಒಂದೆರಡು ಅಂದರೆ ಭಾವನ ಲೆಕ್ಕದಲ್ಲಿ ನಾಲ್ಕು. ಹೊರಗೆ ಬಂದು ಒಂದು ಟ್ಯಾಕ್ಸಿಯವರನ್ನು ಕೇಳಿದೆ. ಕುಂಬಳೆಗೆ ಅಂದ ಕೂಡಲೇ ಅವರು ನನ್ನ ಪೆಟ್ಟಿಗೆಯನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು, ಆಮೇಲೆ ರೇಟು ಹೇಳಿದರು. ನನ್ನ ಪರ್ಸಿನಲ್ಲಿ ಇದ್ದದ್ದು ಹಳೆಯ ರಜೆಯಲ್ಲಿ ಉಳಿದ 600 ರೂಪಾಯಿ ಮತ್ತು ಸ್ವಲ್ಪ ದಿರ್ಹಂ.

ಬಸ್ಸು ಎಲ್ಲಿ ಸಿಗುತ್ತದೆ ಅಂತ ಗೇಟಿನ ಹತ್ತಿರ ಕೇಳಿದೆ. ಕೆಳಗೆ ಹೋಗಬೇಕು ಅಂದರು. ಕೆಳಗೆ ಅಂದರೆ ನಿಜವಾಗಿಯೂ ಕೆಳಗೆ. ನಮ್ಮ ಏರ್‌ಪೋರ್ಟು ಗುಡ್ಡದ ನೆತ್ತಿಯ ಮೇಲೆ ಕೂತಿರುವುದು, ಟೇಬಲ್‌ಟಾಪ್ ಅಂತಾರಲ್ಲ ಅದು. ಹೊಸ ಟರ್ಮಿನಲ್ ಕೆಂಜಾರು ಬದಿಯಲ್ಲಿದೆ. ಅಲ್ಲಿಂದ ರಸ್ತೆ ಇಳಿದುಕೊಂಡು ಬಂದು ಮಂಗಳೂರು-ಬಜ್ಪೆ ರೋಡಿಗೆ ಸೇರುತ್ತದೆ. ನಡೆಯುವವನಿಗೆ ಕಾಲು ಗಂಟೆ. ಪೆಟ್ಟಿಗೆ ಇದ್ದರೆ ಆ ಲೆಕ್ಕ ಬಿಡಿ.

ಪೆಟ್ಟಿಗೆ ಅಂದದ್ದು ಎಂತದ್ದು ಅಂತ ಗಲ್ಫಿನವರಿಗೆ ಹೇಳಬೇಕಾಗಿಲ್ಲ. ರಟ್ಟಿನದು, ಸುತ್ತ ಕಂದು ಟೇಪು, ಅದರ ಮೇಲೆ ನೀಲಿ ಪ್ಲಾಸ್ಟಿಕ್ ಹಗ್ಗ, ಮೇಲ್ಗಡೆ ಮಾರ್ಕರಿನಲ್ಲಿ ದೊಡ್ಡದಾಗಿ ಹೆಸರು ಮತ್ತು ಫೋನ್ ನಂಬರು. ಒಳಗೆ ಟ್ಯಾಂಗ್, ನಿಡೋ ಹಾಲಿನ ಪುಡಿ, ಆಕ್ಸ್ ಎಣ್ಣೆ, ಅಮ್ಮನಿಗೆ ಟೈಗರ್ ಬಾಮ್, ಅಕ್ಕನ ಮಕ್ಕಳಿಗೆ ಚಾಕಲೇಟು. ಏರ್‌ಪೋರ್ಟಿನ ಗಾಡಿ ಪಾರ್ಕಿಂಗಿನವರೆಗೆ ಬಂತು, ಅಲ್ಲಿಂದ ಮುಂದೆ ಅದನ್ನು ತರುವ ಹಾಗಿಲ್ಲ. ಒಂದು ಕೈಯಲ್ಲಿ ಟ್ರಾಲಿ ಬ್ಯಾಗ್, ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು ಪೆಟ್ಟಿಗೆ. ನೂರು ಹೆಜ್ಜೆಗೆ ಹಗ್ಗ ಬೆರಳಿನೊಳಗೆ ಇಳಿಯಿತು. ಕರ್ಚೀಫು ಸುತ್ತಿಕೊಂಡೆ. ಆಮೇಲೆ ಪೆಟ್ಟಿಗೆಯನ್ನು ಟ್ರಾಲಿಯ ಮೇಲೆ ಕೂರಿಸಿ ಎರಡನ್ನೂ ತಬ್ಬಿ ಹಿಡಿದು ಇಳಿಸಿದೆ. ಇಳಿಜಾರಿನಲ್ಲಿ ಅದು ನನ್ನನ್ನು ಎಳೆದುಕೊಂಡು ಹೋಯಿತು ಅಂದರೂ ತಪ್ಪಿಲ್ಲ. ಎದುರಿಂದ ಬರುತ್ತಿದ್ದ ಕಾರುಗಳೊಳಗೆ ನಮ್ಮ ಜಿಲ್ಲೆಯವರೇ ಜಾಸ್ತಿ, ಕೆಎಲ್ 14 ನಂಬರು. ನಾನು ತಲೆ ಎತ್ತಲಿಲ್ಲ.

ಕೆಂಜಾರಿನಲ್ಲಿ ಇನ್ನೊಂದು ತಮಾಷೆ. ಬೆವರು ಒರೆಸುವ ಮೊದಲೇ ಬಸ್ಸು ಬಂತು. ಕೈ ಅಡ್ಡ ಹಿಡಿದೆ, ನಿಂತಿತು, ಕಂಡಕ್ಟರ್ ಇಳಿದು ಪೆಟ್ಟಿಗೆಯನ್ನು ಒಳಗೆ ಎಳೆದು ಹಾಕಿದ, ಸೀಟಿ ಊದಿದ, ಹೊರಟಿತು. ಆಮೇಲೆ ತುಳುವಿನಲ್ಲಿ "ಓಡೆಗ್?", ಎಲ್ಲಿಗೆ ಅಂತ ಕೇಳಿದ. ಮಂಗಳೂರು ಅಂದೆ. ಅವನಿಗೆ ನಗು. "ಉಂದು ಬಜ್ಪೆಗ್ ಪೋಪಿನ ಬಸ್ ಮಾರಾಯ್ರೆ." ಇದು ಬಜ್ಪೆಗೆ ಹೋಗುವ ಬಸ್ಸು ಅಂತ. ನಾನು ರಸ್ತೆಯ ಆಚೆ ಬದಿ ನಿಲ್ಲಬೇಕಿತ್ತು, ಈಚೆ ಬದಿ ನಿಂತಿದ್ದೆ. ಇಳಿಯುತ್ತೇನೆ ಅಂದರೆ ಅವನು ಬೇಡ ಅಂದ. ಬಜ್ಪೆ ಪೇಟೆ ಇಲ್ಲೇ, ಅಲ್ಲಿ ಹತ್ತಿದರೆ ಕೂರಲಿಕ್ಕೆ ಜಾಗ ಸಿಗುತ್ತದೆ, ಕೆಂಜಾರಿನಲ್ಲಿ ನಿಂತರೆ ಈ ಪೆಟ್ಟಿಗೆ ಹಿಡಿದು ಯಾವ ಬಸ್ಸಿಗೆ ಹತ್ತುತ್ತೀರಿ ಅಂದ.

ಅವನು ಹೇಳಿದ್ದು ಸರಿ. ಕಟೀಲು, ಕಿನ್ನಿಗೋಳಿ ಕಡೆಯ ಎಷ್ಟೋ ಬಸ್ಸುಗಳು ಬಜ್ಪೆ ಮೇಲೆಯೇ ಮಂಗಳೂರಿಗೆ ಹೋಗುವುದು. ಬಜ್ಪೆಯಿಂದಲೇ ಹೊರಡುವವೂ ಉಂಟು. ಅಂಥ ಬಸ್ಸು ನಿಂತಿರುತ್ತದೆ, ಸಾವಕಾಶ ಹತ್ತಬಹುದು, ಸಾಮಾನು ಇಡುವ ಜಾಗ ನೋಡಿಕೊಂಡು ಇಡಬಹುದು. ಆ ದಿವಸ ಅಲ್ಲಿ ಒಂದು ಹೋಟೆಲಿನಲ್ಲಿ ಎರಡು ಬನ್ಸ್ ತಿಂದು ಚಾ ಕುಡಿದೆ. ವರ್ಷದ ನಂತರ ಊರಿನ ಮೊದಲ ತಿಂಡಿ ಕಾರಿನ ಕಿಟಕಿಯೊಳಗಿಂದ ಅಲ್ಲ, ಬೆಂಚಿನ ಮೇಲೆ ಕೂತು. ಈಗಲೂ ಸಾಮಾನು ಜಾಸ್ತಿ ಇದ್ದರೆ ನಾನು ಬೇಕೂಂತಲೇ ಬಜ್ಪೆಗೆ ಹೋಗಿ ಅಲ್ಲಿಂದ ಹಿಂದೆ ಬರುತ್ತೇನೆ. ಹತ್ತು ನಿಮಿಷ ಹೋಗುತ್ತದೆ, ಸೀಟು ಸಿಗುತ್ತದೆ.

ಟರ್ಮಿನಲ್ ಬಾಗಿಲಿನಿಂದಲೇ ಹೊರಡುವ ಕೆಎಸ್‌ಆರ್‌ಟಿಸಿಯ ಎಸಿ ಬಸ್ಸೂ 2023ರಲ್ಲಿ ಶುರುವಾಯಿತು. ನಿಮ್ಮ ವಿಮಾನದ ಹೊತ್ತಿಗೂ ಅದರ ಹೊತ್ತಿಗೂ ತಾಳೆಯಾದರೆ ಕಣ್ಣು ಮುಚ್ಚಿ ಹತ್ತಿ. ಈ ಇಳಿಜಾರಿನ ಕಥೆಯೇ ನಿಮಗೆ ಬೇಕಾಗಿಲ್ಲ. ತಾಳೆಯಾಗದಿದ್ದರೆ ಅದಕ್ಕಾಗಿ ಕಾಯಬೇಡಿ. ಆ ಹೊತ್ತಿಗೆ ಕೆಳಗಿನಿಂದ ನಾಲ್ಕು ಪ್ರೈವೇಟ್ ಬಸ್ಸು ಹೋಗಿರುತ್ತದೆ.

ಇಳಿಜಾರಿಗೆ ನಾನು ಕಂಡುಕೊಂಡ ಉಪಾಯ ಇಷ್ಟೇ. ಯಾರನ್ನೋ ಬಿಟ್ಟು ಖಾಲಿ ಹೋಗುವ ರಿಕ್ಷಾ ಇರುತ್ತದೆ. ಡಿಪಾರ್ಚರ್ ಕಡೆಯಿಂದ ಹೊರಗೆ ಬರುವ ದಾರಿಯಲ್ಲಿ ಸ್ವಲ್ಪ ದೂರ ನಡೆದು ನಿಂತರೆ ಸಿಗುತ್ತದೆ. ಕೆಂಜಾರಿನವರೆಗೆ ಅಂದರೆ ಅವರಿಗೂ ಖಾಲಿ ಹೋಗುವುದಕ್ಕಿಂತ ಒಳ್ಳೆಯದು. ಹಾಗೆ ಮಾತಾಡಿ ನೋಡಿ. ಕೆಲವರು ಸೀದಾ ಮಂಗಳೂರು ಪೇಟೆಯ ಜ್ಯೋತಿ ಸರ್ಕಲಿನವರೆಗೆ ಬರುತ್ತೇನೆ ಅಂತಾರೆ, ನಾಲ್ಕು ಜನ ಸೇರಿದರೆ ಅದೂ ದುಬಾರಿಯಲ್ಲ. ಒಬ್ಬರೇ ಇದ್ದರೆ ಬೇಡ.

ಕೆಂಜಾರಿನಿಂದ ಮಂಗಳೂರು ಪೇಟೆಗೆ ಹತ್ತಿರ ಹತ್ತಿರ 13 ಕಿಲೋಮೀಟರ್. ಕೆಳಗಿಳಿದರೆ ಮರವೂರು ಸಂಕ, ಅಂದರೆ ಸೇತುವೆ. ಫಲ್ಗುಣಿ ನದಿ, ಜನ ಹೇಳುವುದು ಗುರುಪುರ ಹೊಳೆ ಅಂತ. ಈ ಸಂಕ 2021ರ ಜೂನ್‌ನಲ್ಲಿ ಮಳೆಗಾಲದಲ್ಲಿ ಕುಸಿದು ಕೂತಿತ್ತು. ಏರ್‌ಪೋರ್ಟಿಗೆ ಹೋಗುವವರಲ್ಲಿ ಹಲವರು ಗುರುಪುರ, ಕೈಕಂಬ ಸುತ್ತಿ ಹೋಗಬೇಕಾಯಿತು. ಹಾಗಾಗಿ ಮಳೆಗಾಲದಲ್ಲಿ ಹೊರಡುವ ಹಿಂದಿನ ದಿವಸ ಒಮ್ಮೆ ಮಂಗಳೂರಿನಲ್ಲಿ ಇರುವ ಯಾರಿಗಾದರೂ ಫೋನು ಮಾಡಿ ರಸ್ತೆ ಕೇಳಿಕೊಳ್ಳುವ ಅಭ್ಯಾಸ ನನಗೆ. ಸಂಕ ದಾಟಿದರೆ ಕಾವೂರು, ಬೊಂದೇಲ್, ಯೆಯ್ಯಾಡಿ, ಕೆಪಿಟಿ. ಎಲ್ಲ ಬಸ್ಸೂ ಒಂದೇ ದಾರಿ ಹೋಗುವುದಿಲ್ಲ, ಕೆಲವು ಕುಂಟಿಕಾನ ಬದಿಯಿಂದ ಇಳಿಯುತ್ತವೆ. ಅದರ ತಲೆಬಿಸಿ ನಿಮಗೆ ಬೇಡ. "ಜ್ಯೋತಿ ಹೋಗ್ತದಾ?" ಅಂತ ಒಂದೇ ಮಾತು ಕೇಳಿ ಹತ್ತಿ.

ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನವರೆಗೆ ಹೋಗಬೇಡಿ. ಬಸ್ಸಿನ ಕೊನೆ ಸ್ಟಾಪು ಅದೇ, ನಿಜ. ಆದರೆ ಜ್ಯೋತಿಯಿಂದ ಹಂಪನಕಟ್ಟೆ ದಾಟಿ ಅಲ್ಲಿ ಮುಟ್ಟುವಾಗ ಟ್ರಾಫಿಕ್ಕಿನಲ್ಲಿ ಎಷ್ಟೋ ಹೊತ್ತು ಹೋಗುತ್ತದೆ, ಇಳಿದ ಮೇಲೆ ಅಷ್ಟೊಂದು ಬಸ್ಸುಗಳ ನಡುವೆ ಟ್ರಾಲಿ ಎಳೆಯುವುದು ಯಾರಿಗೆ ಬೇಕು. ಕಾಸರಗೋಡು ಬಸ್ಸು ಹೇಗೂ ಜ್ಯೋತಿ, ಕಂಕನಾಡಿ, ಪಂಪ್‌ವೆಲ್ ಮೇಲೆಯೇ ಹೋಗಬೇಕು. ಜ್ಯೋತಿಯಲ್ಲಿ ಇಳಿದು ಕಂಕನಾಡಿಗೆ ಹೋಗುವ ಬಸ್ಸುಗಳು ನಿಲ್ಲುವಲ್ಲಿ ನಿಂತರೆ ಆಯಿತು. ಅಂಗಡಿಯವರನ್ನು ಕೇಳುವಾಗ ಅಂಬೇಡ್ಕರ್ ವೃತ್ತ ಅನ್ನಬೇಡಿ. ಹೆಸರು ಸರಿಯೇ, ಆದರೆ ಬಾಯಲ್ಲಿ ಇರುವುದು ಜ್ಯೋತಿ.

ಇಲ್ಲಿ ಒಂದು ಹಳೆ ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮ ದೊಡ್ಡಪ್ಪ ಗಲ್ಫಿಗೆ ಹೋದ ಕಾಲಕ್ಕೆ ಬಜ್ಪೆಯಿಂದ ಗಲ್ಫಿಗೆ ವಿಮಾನವೇ ಇರಲಿಲ್ಲ. ಏರ್‌ಪೋರ್ಟ್ ಇತ್ತು, 1951ರ ಕ್ರಿಸ್ಮಸ್ ದಿನ ನೆಹರೂ ಬಂದು ಇಳಿದದ್ದು ಅಲ್ಲಿಯೇ. ಆದರೆ ಅದು ದೊಡ್ಡವರ ವಿಮಾನ. ದೊಡ್ಡಪ್ಪನಂಥವರು ಮಂಗಳೂರಿನಿಂದ ಬೊಂಬಾಯಿಗೆ ಬಸ್ಸು ಹಿಡಿಯುತ್ತಿದ್ದರು, ಅಲ್ಲಿ ಯಾರದೋ ರೂಮಿನಲ್ಲಿ ವಾರಗಟ್ಟಲೆ ಮಲಗಿ ವೀಸಾ ಬರುವುದನ್ನು ಕಾಯುತ್ತಿದ್ದರು. ಆಮೇಲೆ ಕರಿಪ್ಪೂರು ಏರ್‌ಪೋರ್ಟ್ ಬಂತು, ಕೋಝಿಕ್ಕೋಡು ದಾಟಿ ಹೋಗಬೇಕು. ಮಂಗಳೂರಿನಿಂದ ದುಬೈಗೆ ವಿಮಾನ ಶುರುವಾದದ್ದು 2006ರಲ್ಲಿ. ಅಂದರೆ ನಮ್ಮ ಮನೆಯಲ್ಲಿ ಮೊದಲು ಗಲ್ಫಿಗೆ ಹೋದವರು ಬಸ್ಸಿನಲ್ಲಿಯೇ ಹೋದದ್ದು, ಎರಡು ದಿವಸ ಕೂತು. ಆಗ ಯಾರಿಗೂ ನಾಚಿಕೆ ಇರಲಿಲ್ಲ. ಈ ಕಾರಿನ ದೊಡ್ಡಸ್ತಿಕೆ ಹತ್ತಿರದಿಂದಲೇ ಗಲ್ಫಿಗೆ ವಿಮಾನ ಶುರುವಾದ ಮೇಲೆ ಹುಟ್ಟಿದ್ದು. ದೊಡ್ಡಪ್ಪನಿಗೆ ನಾನು ಬಸ್ಸಿನಲ್ಲಿ ಬಂದೆ ಅಂದಾಗ ಅವರು ಕೇಳಿದ್ದು ಒಂದೇ, "ಸೀಟು ಸಿಕ್ಕಿತಾ?"

2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನ ಈ ಗುಡ್ಡದ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಹೋದರು, ಬದುಕಿದವರು ಎಂಟೇ ಜನ. ಹೋದವರಲ್ಲಿ ನಮ್ಮ ಜಿಲ್ಲೆಯವರು ಎಷ್ಟು ಜನ. ಚಕ್ರ ನೆಲ ಮುಟ್ಟಿ ವಿಮಾನ ನಿಧಾನ ಆಗುವವರೆಗೆ ಒಳಗೆ ಯಾರೂ ಮಾತಾಡುವುದಿಲ್ಲ, ಈಗಲೂ. ಆಮೇಲೆ ಎಲ್ಲರೂ ಒಟ್ಟಿಗೆ ಫೋನು ತೆಗೆಯುತ್ತಾರೆ.

ಜ್ಯೋತಿಗೆ ಬರುತ್ತೇನೆ. ಕಾಸರಗೋಡಿಗೆ ಕರ್ನಾಟಕದ ಸರಕಾರಿ ಬಸ್ಸೂ ಉಂಟು, ಕೇರಳದ್ದೂ ಉಂಟು. ಒಂದು ಹೋದರೆ ಹಿಂದೆಯೇ ಇನ್ನೊಂದು ಬರುತ್ತದೆ, ಹಗಲು ಹೊತ್ತಿನಲ್ಲಿ ಕಾಯುವುದು ಅಂತ ಜಾಸ್ತಿ ಇಲ್ಲ. ಎರಡೂ ಒಟ್ಟಿಗೆ ಬಂದರೆ ನಾನು ನೋಡುವುದು ಯಾವ ರಾಜ್ಯದ್ದು ಅಂತ ಅಲ್ಲ, ಹಿಂದಿನ ಸೀಟಿನ ಹತ್ತಿರ ಖಾಲಿ ಜಾಗ ಇದೆಯಾ ಅಂತ. ಟ್ರಾಲಿಯನ್ನು ಮಲಗಿಸಬೇಕು, ನಿಲ್ಲಿಸಿದರೆ ಬ್ರೇಕ್ ಹಾಕಿದಾಗಲೆಲ್ಲ ಅದು ಡ್ರೈವರನ್ನು ಮಾತಾಡಿಸಲು ಹೊರಡುತ್ತದೆ. ಒಮ್ಮೆ ಹಾಗೇ ತೊಕ್ಕೊಟ್ಟಿನಲ್ಲಿ ನನ್ನ ಬ್ಯಾಗು ಒಬ್ಬ ಅಜ್ಜಿಯ ಕಾಲಿಗೆ ಹೋಗಿ ಬಡಿಯಿತು. ಅಜ್ಜಿ ಮಂಜೇಶ್ವರದವರೆಗೂ ಬೈದರು. ಮೊದಲು ತುಳುವಿನಲ್ಲಿ, ನನಗೆ ಅರ್ಥ ಆಗುತ್ತದೆ ಅಂತ ಗೊತ್ತಾದ ಮೇಲೆ ಇನ್ನೂ ಒಳ್ಳೆಯ ತುಳುವಿನಲ್ಲಿ.

ಚಿಲ್ಲರೆ. ಇದನ್ನು ಮರೆಯಬೇಡಿ. ಏರ್‌ಪೋರ್ಟಿನ ಎಟಿಎಂ 500ರ ನೋಟು ಕೊಡುತ್ತದೆ, ಕಂಡಕ್ಟರ್ ಅದನ್ನು ನೋಡಿದ ಕೂಡಲೇ ಮುಖ ಸಣ್ಣ ಮಾಡುತ್ತಾನೆ. ನಾನು ರಜೆ ಮುಗಿಸಿ ಹೋಗುವಾಗಲೇ 10, 20, 50ರ ನೋಟು ಒಟ್ಟು 300 ರೂಪಾಯಿಯಷ್ಟು ಪಾಸ್‌ಪೋರ್ಟಿನ ಕವರಿನಲ್ಲಿ ಇಟ್ಟಿರುತ್ತೇನೆ, ಮುಂದಿನ ವರ್ಷ ಬರುವಾಗ ಅದು ಅಲ್ಲೇ ಇರುತ್ತದೆ. ಕೆಂಜಾರಿನಿಂದ ಮನೆ ಬಾಗಿಲಿನವರೆಗೆ ಮೂರು ಬಸ್ಸಿಗೂ ಸೇರಿ ಅಷ್ಟು ಬೇಕಾಗುವುದಿಲ್ಲ. ಉಳಿದದ್ದರಲ್ಲಿ ಚಾ, ಬನ್ಸ್.

ಹೆಂಡತಿ ಮಂಗಳೂರಿಗೆ ಬಂದಿದ್ದಾಗ ಒಮ್ಮೆ ಟಿಕೆಟಿನ ಬಗ್ಗೆ ದೊಡ್ಡ ಮಾತಾಯಿತು. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ, ಹೆಂಗಸರಿಗೆ ಸರಕಾರಿ ಬಸ್ಸು ಫ್ರೀ. ಪಕ್ಕದಲ್ಲಿ ಕೂತ ಬಂಟ್ವಾಳದ ಹೆಂಗಸು ಆಧಾರ್ ತೋರಿಸಿದರು, ಸೊನ್ನೆ ರೂಪಾಯಿಯ ಟಿಕೆಟು ಬಂತು. ನನ್ನ ಹೆಂಡತಿಯೂ ಆಧಾರ್ ತೋರಿಸಿದಳು, ಅದರಲ್ಲಿ ಕೇರಳದ ವಿಳಾಸ. ಮಾತಾಡುವುದು ಕನ್ನಡ, ಶಾಲೆಗೆ ಹೋದದ್ದು ಕನ್ನಡ, 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋದದ್ದಕ್ಕೆ ನಾನು ಟಿಕೆಟ್ ತೆಗೆಯಬೇಕಾ ಅಂತ ಅವಳ ವಾದ. ಕಂಡಕ್ಟರ್ ಪಾಪ ಎಂತ ಮಾಡ್ತಾನೆ. ಟಿಕೆಟ್ ತೆಗೆದೆವು.

ಪಂಪ್‌ವೆಲ್ ದಾಟಿ ಹೈವೇ ಹಿಡಿದ ಮೇಲೆ ನೇತ್ರಾವತಿ ಸಂಕ. ಬಲಗಡೆ ಕೂತರೆ ಹೊಳೆ ಕಡಲಿಗೆ ಸೇರುವ ಬದಿ ಕಾಣುತ್ತದೆ. ಆಮೇಲೆ ತೊಕ್ಕೊಟ್ಟು, ಕೋಟೆಕಾರು, ತಲಪಾಡಿ. ತಲಪಾಡಿಯಲ್ಲಿ ಟೋಲ್, ಅದರಾಚೆ ಗಡಿ. ಈಗ ಬಸ್ಸಿನಲ್ಲಿ ಕೂತವರಿಗೆ ಗಡಿ ಅಂತ ಗೊತ್ತಾಗುವುದೇ ರಸ್ತೆ ಅಗಲ ಆಗುವುದರಿಂದ. ತಲಪಾಡಿಯಿಂದ ಚೆಂಗಳದವರೆಗೆ ಆರು ಪಥ ಮಾಡಿದ್ದಾರೆ. ಕೊರೋನಾ ಕಾಲದಲ್ಲಿ ಇದೇ ಜಾಗದಲ್ಲಿ ರಸ್ತೆ ಬಂದ್ ಮಾಡಿದ್ದರು. ಬಸ್ಸು ಮತ್ತೆ ಶುರುವಾದ ಮೇಲೂ ಎಷ್ಟೋ ಸಮಯ ಈ ಬದಿಯ ಬಸ್ಸು ಈ ಬದಿಯಲ್ಲೇ, ಆ ಬದಿಯದ್ದು ಆ ಬದಿಯಲ್ಲೇ. ಮಂಗಳೂರಿನಿಂದ ತಲಪಾಡಿಗೆ ಒಂದು ಬಸ್ಸು, ಇಳಿದು ಗಡಿ ನಡೆದು ದಾಟಿ ಅಲ್ಲಿಂದ ಇನ್ನೊಂದು. ಆ ವರ್ಷ ನಾನು ಬಂದಾಗ ಹಾಗೇ ದಾಟಿದ್ದು. ಟ್ರಾಲಿಯ ಒಂದು ಚಕ್ರ ಆ ದಿವಸ ತಲಪಾಡಿಯಲ್ಲೇ ಉಳಿಯಿತು.

ಆರು ಪಥದ ರಸ್ತೆಯಿಂದ ನಮಗೆ ಒಂದು ಹೊಸ ತಾಪತ್ರಯವೂ ಬಂತು. ಮೊದಲು ಬಸ್ಸು ಪೇಟೆಯ ನಡುವೆಯೇ ನಿಲ್ಲುತ್ತಿತ್ತು. ಈಗ ಸರ್ವಿಸ್ ರೋಡಿನಲ್ಲಿ ಎಲ್ಲಿ ನಿಲ್ಲುತ್ತದೆ, ಆಚೆ ದಾಟಲು ಅಂಡರ್‌ಪಾಸ್ ಎಲ್ಲಿ ಅಂತ ಊರಿನವರನ್ನೇ ಕೇಳಬೇಕು. ವರ್ಷಕ್ಕೊಮ್ಮೆ ಬರುವವನಿಗೆ ಸ್ಟಾಪು ಪ್ರತಿ ಸಲ ಬೇರೆ ಕಡೆ. ಇಳಿಯುವ ಎರಡು ಸ್ಟಾಪು ಮೊದಲೇ ಕಂಡಕ್ಟರನಿಗೆ ಹೇಳಿ ಬ್ಯಾಗು ಬಾಗಿಲ ಹತ್ತಿರ ತಂದಿಟ್ಟುಕೊಳ್ಳಿ. ಹೊಸಂಗಡಿ, ಉಪ್ಪಳ, ಬಂದ್ಯೋಡು, ಆಮೇಲೆ ಶಿರಿಯ ಹೊಳೆ ದಾಟಿದರೆ ಆರಿಕ್ಕಾಡಿ, ಕುಂಬಳೆ. ಬಂದ್ಯೋಡು ಬಂದಾಗ ನಾನು ಏಳುತ್ತೇನೆ. ಅಷ್ಟರಲ್ಲಿ ಮಲಯಾಳದಲ್ಲಿ "ಎವಿಡೇಕ್ಕಾ?", ಎಲ್ಲಿಗೆ ಅಂತ ಕೇಳುವ ಕಂಡಕ್ಟರ್ ಇದ್ದರೆ ಕುಂಬಳ ಅನ್ನಿ, ಕುಂಬಳೆ ಅಂದರೂ ಗೊತ್ತಾಗುತ್ತದೆ.

ಕುಂಬಳೆಯಿಂದ ಬದಿಯಡ್ಕಕ್ಕೆ ಪ್ರೈವೇಟ್ ಬಸ್ಸು ಇದ್ದೇ ಇರುತ್ತದೆ. ಕಾಸರಗೋಡು ಪೇಟೆಗೆ ಹೋಗುವವರು ಸುಮ್ನೆ ಕೂತಿರಿ. ಅಲ್ಲಿ ಹೊಸ ಬಸ್‌ಸ್ಟ್ಯಾಂಡ್ ಬೇರೆ, ಹಳೆಯದು ಬೇರೆ, ನಿಮ್ಮ ಮುಂದಿನ ಬಸ್ಸು ಎಲ್ಲಿಂದ ಅಂತ ಕೇಳಿಕೊಂಡು ಇಳಿಯಿರಿ.

ಹೊತ್ತು ಎಷ್ಟು ಹಿಡಿಯುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ನನಗೆ ಕೆಂಜಾರಿನಿಂದ ಜ್ಯೋತಿಗೆ ಮುಕ್ಕಾಲು ಗಂಟೆ, ಜ್ಯೋತಿಯಿಂದ ಕುಂಬಳೆಗೆ ಒಂದು ಗಂಟೆಯಿಂದ ಒಂದೂಕಾಲು, ಕಾಯುವುದು ಎಲ್ಲ ಸೇರಿ ಮನೆಗೆ ಮೂರು ಗಂಟೆ. ಕಾರಿನಲ್ಲಿ ಒಂದೂವರೆ ಗಂಟೆಯಲ್ಲಿ ಬರಬಹುದು. ಆದರೆ ಕಾರಿನವರು ಮಂಗಳೂರು ಮುಟ್ಟಿದ ಮೇಲೆ ಊಟಕ್ಕೆ ನಿಲ್ಲಿಸುತ್ತಾರೆ, ಬಟ್ಟೆ ಅಂಗಡಿಗೆ ಹೋಗುತ್ತಾರೆ, ಅತ್ತೆಯನ್ನು ನೋಡಿಕೊಂಡು ಹೋಗೋಣ ಅಂತಾರೆ. ನಮ್ಮ ಮನೆಯ ಯಾವ ಕಾರೂ ಮೂರು ಗಂಟೆಗೆ ಮೊದಲು ಮನೆ ಮುಟ್ಟಿದ್ದು ನಾನು ಕಂಡಿಲ್ಲ.

ಸಂಜೆ ಇಳಿದರೆ ರೈಲು ಒಳ್ಳೆಯದು. ಬಸ್ಸು ಸ್ಟೇಟ್‌ಬ್ಯಾಂಕಿಗೆ ಹೋಗುವವರೆಗೆ ಕೂರದೆ ಹಂಪನಕಟ್ಟೆಯಲ್ಲಿ ಇಳಿದರೆ ಮಂಗಳೂರು ಸೆಂಟ್ರಲ್ ಸ್ಟೇಷನ್ ನಡೆಯುವಷ್ಟು ದೂರ. ಮಾವೇಲಿ, ಮಲಬಾರ್ ಎಕ್ಸ್‌ಪ್ರೆಸ್ ಎರಡೂ ಸಂಜೆ ಅಲ್ಲಿಂದಲೇ ಹೊರಡುತ್ತವೆ, ಕಾಸರಗೋಡಿನಲ್ಲಿ ನಿಲ್ಲುತ್ತವೆ. 46 ಕಿಲೋಮೀಟರ್, ಜನರಲ್ ಟಿಕೆಟ್ 50 ರೂಪಾಯಿಯೊಳಗೆ. ಹೊರಡುವ ಸ್ಟೇಷನ್ ಆದ ಕಾರಣ ಅರ್ಧ ಗಂಟೆ ಮೊದಲು ಹೋದರೆ ಕೂರಲಿಕ್ಕೆ ಜಾಗವೂ ಸಿಗುತ್ತದೆ. ನನ್ನಂಥ ಕುಂಬಳೆಯವರಿಗೆ ಮಾತ್ರ ತೊಂದರೆ, ಎಕ್ಸ್‌ಪ್ರೆಸ್ಸುಗಳಲ್ಲಿ ಹೆಚ್ಚಿನವು ಅಲ್ಲಿ ನಿಲ್ಲುವುದಿಲ್ಲ. ಇನ್ನೊಂದು, ಸೆಂಟ್ರಲ್ ಬೇರೆ, ಮಂಗಳೂರು ಜಂಕ್ಷನ್ ಬೇರೆ. ಜಂಕ್ಷನ್ ಇರುವುದು ಪಡೀಲ್ ಬದಿಯಲ್ಲಿ. ನನ್ನ ಚಿಕ್ಕಮ್ಮನ ಮಗ ಒಮ್ಮೆ ಸೆಂಟ್ರಲ್‌ನಲ್ಲಿ ಕೂತು ಜಂಕ್ಷನ್ನಿನ ರೈಲು ಕಾದಿದ್ದಾನೆ. ಅನೌನ್ಸ್‌ಮೆಂಟ್ ಯಾಕೆ ಆಗುತ್ತಿಲ್ಲ ಅಂತ ನನಗೇ ಫೋನು ಮಾಡಿದ.

ಕಣ್ಣೂರು ಏರ್‌ಪೋರ್ಟ್ ಬಂತಲ್ಲ, ಅದೇ ನಿಮ್ಮ ಕೇರಳದ್ದು, ಅಲ್ಲಿ ಇಳಿಯಬಹುದಲ್ವಾ ಅಂತ ಶಾರ್ಜಾದಲ್ಲಿ ಎಷ್ಟು ಜನ ಹೇಳಿದ್ದಾರೋ. 2018ರ ಡಿಸೆಂಬರಿನಲ್ಲಿ ಶುರುವಾಯಿತು, ಟಿಕೆಟು ಕಡಿಮೆಗೆ ಸಿಕ್ಕಿತು ಅಂತ ಒಮ್ಮೆ ಇಳಿದೆ. ಅದು ಇರುವುದು ಮಟ್ಟನ್ನೂರಿನಲ್ಲಿ, ಕಣ್ಣೂರು ಪೇಟೆಯಿಂದ ಒಳಗೆ. ಅಲ್ಲಿಂದ ಕಣ್ಣೂರಿಗೆ ಬಸ್ಸು, ಕಣ್ಣೂರಿನಿಂದ ಕಾಸರಗೋಡಿಗೆ ರೈಲು, ಮತ್ತೆ ಬಸ್ಸು. ಟಿಕೆಟಿನಲ್ಲಿ ಉಳಿದದ್ದು ಹೊತ್ತಿನಲ್ಲಿ ಹೋಯಿತು. ಕಾಸರಗೋಡಿನಿಂದ ತೆಂಕಿನವರಿಗೆ, ಕಾಞಂಗಾಡ್ ಬದಿಯವರಿಗೆ ಅದು ಆಗುತ್ತದೆ. ಕುಂಬಳೆ, ಉಪ್ಪಳ, ಮಂಜೇಶ್ವರದವರಿಗೆ ಮಂಗಳೂರೇ.

ಸಾಮಾನಿನ ವಿಷಯ ಕೊನೆಗೆ ಇಟ್ಟುಕೊಂಡೆ, ಯಾಕೆಂದರೆ ಬಸ್ಸಿನಲ್ಲಿ ಹೋಗುವುದು ಬಿಡುವುದು ಎಲ್ಲ ಶಾರ್ಜಾದಲ್ಲಿ ಪ್ಯಾಕ್ ಮಾಡುವಾಗಲೇ ನಿಶ್ಚಯ ಆಗುತ್ತದೆ. ರಟ್ಟಿನ ಪೆಟ್ಟಿಗೆ ನಾನು ಬಿಟ್ಟೆ. ಅದನ್ನು ಒಂದು ತಿಂಗಳು ಮೊದಲು ಡೋರ್ ಟು ಡೋರ್ ಕಾರ್ಗೋದಲ್ಲಿ ಹಾಕುತ್ತೇನೆ, ನಾನು ಬರುವ ಹೊತ್ತಿಗೆ ಅಮ್ಮ ಅದನ್ನು ಒಡೆದು ನಿಡೋ ಅರ್ಧ ಖಾಲಿ ಮಾಡಿರುತ್ತಾರೆ. ನನ್ನ ಜೊತೆ ಬರುವುದು 15 ಕೆಜಿಯ ಒಂದು ಟ್ರಾಲಿ, ಬೆನ್ನಿಗೆ ಒಂದು ಚೀಲ. ಟ್ರಾಲಿ ತೆಗೆದುಕೊಳ್ಳುವಾಗ ನಾಲ್ಕು ಸಣ್ಣ ಚಕ್ರದ್ದು ಬೇಡ. ಏರ್‌ಪೋರ್ಟಿನ ನೆಲಕ್ಕೆ ಅದು ಚಂದ, ಕೆಂಜಾರಿನ ರಸ್ತೆ ಬದಿಯ ಜಲ್ಲಿಗೆ ಎರಡು ದೊಡ್ಡ ಚಕ್ರದ್ದೇ ಆಗಬೇಕು. ತಲಪಾಡಿಯಲ್ಲಿ ಉಳಿದ ಚಕ್ರ ಸಣ್ಣದು. ಸಣ್ಣ ಮಕ್ಕಳು ಇದ್ದರೆ, ರಾತ್ರಿ ಹನ್ನೊಂದಕ್ಕೆ ಇಳಿಯುವುದಾದರೆ, ಕಾರು ಮಾಡಿ. ಆ ಹೊತ್ತಿಗೆ ಕೆಂಜಾರಿನಲ್ಲಿ ನಿಂತು ಬಸ್ಸು ಕಾಯಿರಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ನಾಚಿಕೆ ಎರಡನೆಯ ಸಲಕ್ಕೆ ಅರ್ಧ ಹೋಯಿತು, ಮೂರನೆಯದಕ್ಕೆ ಊರಿನವರಿಗೇ ಅಭ್ಯಾಸ ಆಯಿತು. ಸೀತಾಂಗೋಳಿಯಲ್ಲಿ ಒಬ್ಬರು ಹತ್ತಿ ನನ್ನನ್ನು ಕಂಡು "ಎಂತ ಮಾರಾಯ, ಕಾರು ಬರಲಿಲ್ವಾ?" ಅಂದರು. ಬಸ್ಸು ಬಂತು, ಹತ್ತಿದೆ ಅಂದೆ. ಅವರು ಟ್ರಾಲಿಯ ಮೇಲೆ ಕೈ ಇಟ್ಟು ನೀರ್ಚಾಲಿನವರೆಗೆ ಅಡಿಕೆ ರೇಟು ಮಾತಾಡಿದರು, ನನ್ನ ಕೆಲಸದ ಬಗ್ಗೆ ಕೇಳಲೇ ಇಲ್ಲ. ಭಾವನಿಗೆ ಮಾತ್ರ ಈಗಲೂ ಬೇಸರ ಉಂಟು. ಆ ಕಾರು ಮಾರಿ ಹೊಸದು ತೆಗೆದಿದ್ದಾರೆ, ನಾನು ಅದರಲ್ಲಿ ಇನ್ನೂ ಕೂತಿಲ್ಲ.

ಹಿಂದೆ ಹೋಗುವಾಗಲೂ ಇದೇ ದಾರಿ, ಆದರೆ ಒಂದು ಗಂಟೆ ಕೈಯಲ್ಲಿ ಹೆಚ್ಚಿಗೆ ಇಟ್ಟುಕೊಂಡು. ಹಬ್ಬದ ಹಿಂದಿನ ದಿವಸ ಪಂಪ್‌ವೆಲ್‌ನಲ್ಲಿ ಬಸ್ಸು ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಹೇಳಲಿಕ್ಕೆ ಬರುವುದಿಲ್ಲ. ಬಜ್ಪೆ ಬಸ್ಸಿನಲ್ಲಿ ಕೆಂಜಾರು ಅಂತ ಟಿಕೆಟ್ ತೆಗೆಯಿರಿ, ಕಂಡಕ್ಟರನೇ ಬ್ಯಾಗು ಇಳಿಸಿಕೊಡುತ್ತಾನೆ. ಅಲ್ಲಿಂದ ಮೇಲೆ ನಡೆಯಬೇಡಿ, ರಿಕ್ಷಾ ಮಾಡಿ. ಇಳಿಯುವಾಗ ನಡೆಯಬಹುದು, ಹತ್ತುವಾಗ ಆಗದು. ನಾನು ಒಮ್ಮೆ ಐವತ್ತು ರೂಪಾಯಿ ಉಳಿಸಲಿಕ್ಕೆ ಹೋಗಿ ಏಪ್ರಿಲ್ ಬಿಸಿಲಿನಲ್ಲಿ ಆ ಗುಡ್ಡ ಹತ್ತಿದ್ದೆ. ಬಾಗಿಲಿನಲ್ಲಿ ಸೆಕ್ಯುರಿಟಿಯವರಿಗೆ ತೋರಿಸಲು ಅಂಗಿ ಜೇಬಿನಿಂದ ತೆಗೆದ ಟಿಕೆಟಿನ ಪ್ರಿಂಟು ಬೆವರಿನಲ್ಲಿ ಒದ್ದೆಯಾಗಿ ಎರಡು ತುಂಡಾಗಿ ಬಂತು. ಅವರು ಎರಡನ್ನೂ ಜೋಡಿಸಿ ಹಿಡಿದು ಹೆಸರು ಓದಿ ಒಳಗೆ ಬಿಟ್ಟರು.